ಅಜ್ಜನ ಕ್ಷೌರದ ಕತ್ತಿಯನ್ನು ಸಾಣೆ ಚಕ್ರಕ್ಕೆ ಕೊಡಬೇಡಿ

ಸಂಪಾದಕರೇ,

ಹೋದ ವಾರದ ಪುರವಣಿಯಲ್ಲಿ ಹಳೇ ಕ್ಷೌರದ ಕತ್ತಿಗಳ ಬಗ್ಗೆ ಬಂದ ಬರಹ ಓದಿದೆ. ಅಟ್ಟದ ಟ್ರಂಕಿನಲ್ಲಿ ಬಿದ್ದಿರುವ ಮಡಚುವ ಕತ್ತಿಗೂ ಅರ್ಧ ಪುಟ ಸಿಕ್ಕಿತಲ್ಲ ಅಂತ ಖುಷಿ ಆಯಿತು. ಆದರೆ ಅದರಲ್ಲಿ, ಸಾಣೆ ಹಿಡಿಯುವವರಿಗೆ ಕೊಟ್ಟು ಕನ್ನಡಿ ಹಾಗೆ ಹೊಳೆಯುವಂತೆ ಮಾಡಿಸಿ ಅಂತ ಬರೆದಿದ್ದೀರಿ. ದಯವಿಟ್ಟು ಯಾರೂ ಹಾಗೆ ಮಾಡಬೇಡಿ. ನಾನು ಮಾಡಿಸಿ ಕೆಟ್ಟಿದ್ದೇನೆ, ಅದಕ್ಕೇ ಈ ಪತ್ರ.

ನಮ್ಮ ತಾತನ ಕತ್ತಿ ಒಂದಿತ್ತು. ಚಾಮರಾಜಪೇಟೆ ಮನೆ ಖಾಲಿ ಮಾಡುವಾಗ ಸಿಕ್ಕಿದ್ದು, ಹಳೇ ಪಂಚೆಯ ಚೂರಿನಲ್ಲಿ ಸುತ್ತಿಟ್ಟಿದ್ದರು. ಅಲ್ಲಲ್ಲಿ ತುಕ್ಕು ಹಿಡಿದಿತ್ತು ಅಷ್ಟೇ. ಅದೇ ಹೊತ್ತಿಗೆ ಬೀದಿಯಲ್ಲಿ ಸೈಕಲ್ ಮೇಲೆ ಸಾಣೆ ಕಲ್ಲು ಇಟ್ಟುಕೊಂಡವರೊಬ್ಬರು ಬಂದರು, ಓಡಿಹೋಗಿ ಕೊಟ್ಟೆ. ಐದೇ ನಿಮಿಷ. ಕಿಡಿ ಹಾರಿದ್ದನ್ನು ನೋಡುತ್ತಾ ನಿಂತಿದ್ದೆ, ಮೊಬೈಲಿನಲ್ಲಿ ವಿಡಿಯೋ ಬೇರೆ ಮಾಡಿಕೊಂಡೆ! ವಾಪಸ್ ಕೊಟ್ಟಾಗ ಕತ್ತಿಯ ಬಾಯಿಯ ತುದಿಯಲ್ಲಿ ಹೆಬ್ಬೆರಳಗಲ ನವಿಲು ನೀಲಿ ಬಣ್ಣ ಕೂತಿತ್ತು. ಅದೂ ಚೆನ್ನಾಗಿದೆ ಅಂದುಕೊಂಡೆ. ಅವರದ್ದೇನೂ ತಪ್ಪಿಲ್ಲ, ಈಳಿಗೆ ಮಣೆಗೆ ಮಾಡುವ ಕೆಲಸವನ್ನೇ ಇದಕ್ಕೂ ಮಾಡಿದರು. ಕೊಟ್ಟವನು ನಾನು.

ಆ ನೀಲಿ ಏನು ಅಂತ ತಿಳಿದಿದ್ದು ಆಮೇಲೆ, ನಾನು ತಲೆಕೂದಲು ಕತ್ತರಿಸಿಕೊಳ್ಳುವ ಅಂಗಡಿಯ ಹಿರಿಯರಿಗೆ ತೋರಿಸಿದಾಗ. ಅವರು ಉಗುರಿನ ಮೇಲೆ ಮೆಲ್ಲಗೆ ಆಡಿಸಿ ನೋಡಿ, "ಹದ ಹೋಯ್ತಲ್ಲ ಸಾರ್" ಅಂದರು. ವಿಷಯ ಇಷ್ಟೇ: ಈ ಕತ್ತಿಗಳ ಉಕ್ಕಿಗೆ ಮಾಡುವಾಗಲೇ ಸುಮಾರು 200 ಡಿಗ್ರಿ ಬಿಸಿಯಲ್ಲಿ ಹದ ಕೊಟ್ಟಿರುತ್ತಾರೆ. ನೀಲಿ ಬಣ್ಣ ಬಂತು ಅಂದರೆ ಬಿಸಿ 300 ಡಿಗ್ರಿ ಹತ್ತಿರ ಹೋಗಿದೆ ಅಂತ ಅರ್ಥ, ಅಲ್ಲಿ ಉಕ್ಕು ಮೆತ್ತಗಾಗಿರುತ್ತದೆ. ಬಾಯಿಯ ಹತ್ತಿರ ಅಲಗು ತೀರಾ ತೆಳು, ಚಕ್ರ ಮುಟ್ಟಿದರೆ ಬಿಸಿ ಹೋಗುವುದಕ್ಕೆ ಜಾಗವೇ ಇಲ್ಲ, ಒಂದೆರಡು ಕ್ಷಣದಲ್ಲಿ ಕೆಲಸ ಕೆಟ್ಟಿರುತ್ತದೆ. ಎಷ್ಟು ಮಸೆದರೂ ಆ ಜಾಗದಲ್ಲಿ ಹರಿತ ನಿಲ್ಲುವುದಿಲ್ಲ. ತಾತನ ಕತ್ತಿ ಈಗ ಷೋಕೇಸಿನಲ್ಲಿದೆ, ಚೆನ್ನಾಗಿ ಹೊಳೆಯುತ್ತದೆ.

ಮಸೆಯುವುದನ್ನು ಕಲಿಸಿದ್ದೂ ಅದೇ ಹಿರಿಯರು. ಕತ್ತಿಯ ಬೆನ್ನು, ಬಾಯಿ ಎರಡೂ ಕಲ್ಲಿಗೆ ತಾಗಿರುವಂತೆ ಚಪ್ಪಟೆಯಾಗಿ ಮಲಗಿಸಬೇಕು. ಬೆನ್ನಿನ ದಪ್ಪವೇ ಎಷ್ಟು ಓರೆ ಬೇಕು ಅನ್ನುವುದನ್ನು ನೋಡಿಕೊಳ್ಳುತ್ತದೆ, ನಾವು ಜಾಣತನ ತೋರಿಸಿ ಎತ್ತಬಾರದು. ಕಲ್ಲಿನ ಮೇಲೆ ಉಜ್ಜುವಾಗ ಬಾಯಿ ಮುಂದೆ, ಕೊನೆಗೆ ತೊಗಲಿನ ಪಟ್ಟಿಯ ಮೇಲೆ ಎಳೆಯುವಾಗ ಬೆನ್ನು ಮುಂದೆ. ಇದನ್ನು ತಿರುವು ಮುರುವು ಮಾಡಿ ನನ್ನ ಹಳೇ ಬೆಲ್ಟನ್ನು ಎರಡು ತುಂಡು ಮಾಡಿದ್ದೇನೆ. ಈಗ 1000 ನಂಬರಿನ ನೀರುಕಲ್ಲಿನಿಂದ ಶುರು ಮಾಡಿ 8000ದ ತನಕ ಹೋಗುತ್ತೇನೆ (ನಂಬರು ಹೆಚ್ಚಿದಷ್ಟೂ ಕಲ್ಲು ನಯ), ಕೊನೆಗೆ ತೊಗಲು.

ಎರಡನೇ ಕತ್ತಿ ಸಂಡೇ ಬಜಾರಿನ ಗುಜರಿ ರಾಶಿಯಲ್ಲಿ ಸಿಕ್ಕಿತು, 300 ರೂಪಾಯಿ ಕೊಟ್ಟೆ. ತುಕ್ಕಿನ ಕೆಳಗೆ ಶೆಫೀಲ್ಡ್ ಅನ್ನುವ ಅಕ್ಷರ ಅರ್ಧಂಬರ್ಧ ಕಾಣುತ್ತಿತ್ತು. ಇಂಗ್ಲೆಂಡಿನ ಶೆಫೀಲ್ಡ್, ಜರ್ಮನಿಯ ಸೋಲಿಂಗೆನ್, ಹಳೇ ಕತ್ತಿಗಳಲ್ಲಿ ಈ ಎರಡು ಊರಿನವೇ ಜಾಸ್ತಿ ಕೈಗೆ ಬರುವುದು. ಈ ಅಕ್ಷರಗಳು ತೀರಾ ತೆಳುವಾಗಿ ಒತ್ತಿದವು. ಚಕ್ರಕ್ಕೆ ಕೊಟ್ಟಿದ್ದರೆ ಮೊದಲು ಅಳಿಸಿ ಹೋಗುತ್ತಿದ್ದುದೇ ಅವು, ಆಮೇಲೆ ಕತ್ತಿ ಯಾವ ಊರಿನದು, ಯಾವ ಕಾಲದ್ದು ಅಂತ ಯಾರನ್ನು ಕೇಳುವುದು? ನಾನು ಹೊಲಿಗೆ ಮಿಷನ್ ಎಣ್ಣೆ ಹಾಕಿ ಒಂದು ರಾತ್ರಿ ಬಿಟ್ಟೆ, ನೀರಿನಲ್ಲಿ ನೆನೆಸಿದ ಎಮರಿ ಪೇಪರಿನಿಂದ ಕೈಯಲ್ಲೇ ಉಜ್ಜಿದೆ. ಮೂರು ಭಾನುವಾರ ಹಿಡಿಯಿತು. ಕಪ್ಪು ಚುಕ್ಕೆ ಇನ್ನೂ ಇವೆ, ಇರಲಿ ಬಿಡಿ.

ಅದರ ಹಿಡಿ ಎಮ್ಮೆ ಕೊಂಬಿನದು, ಒಂದು ಕಡೆ ಸೊಟ್ಟಗಾಗಿ ಮಡಚಿದಾಗ ಬಾಯಿಗೆ ತಗುಲುತ್ತಿತ್ತು. ಹಿತ್ತಾಳೆ ಮೊಳೆಯ ತಲೆಯನ್ನು ಅರದಿಂದ ಉಜ್ಜಿ, ಸಣ್ಣ ಮೊಳೆ ಇಟ್ಟು ಮೆಲ್ಲಗೆ ತಟ್ಟಿ ಬಿಚ್ಚಿದೆ. ಕೊಂಬು ನಮ್ಮ ಉಗುರಿನ ಜಾತಿ, ಬಿಸಿನೀರಿಗೆ ಬಗ್ಗುತ್ತದೆ. ಚೆನ್ನಾಗಿ ಕಾದ ನೀರಿನಲ್ಲಿ ಅದ್ದಿ, ಎರಡು ಹಲಗೆ ಮಧ್ಯೆ ಇಟ್ಟು ಬಟ್ಟೆ ಕ್ಲಿಪ್ ಹಾಕಿದೆ. ಬೆಳಿಗ್ಗೆ ನೋಡಿದರೆ ನೇರ! ಸಂತೋಷಕ್ಕೆ ಹೆಂಡತಿಯನ್ನು ಎಬ್ಬಿಸಿ ತೋರಿಸಿದೆ, ಬೈಸಿಕೊಂಡೆ. ಮೂಳೆ ಹಿಡಿಗೆ ಮಾತ್ರ ಈ ಉಪಾಯ ಬೇಡ. ಮೂಳೆ ಬಗ್ಗುವುದಿಲ್ಲ, ಬಿಸಿನೀರಿಗೆ ಹಾಕಿದರೆ ಸೀಳಬಹುದು. ಒದ್ದೆ ಬಟ್ಟೆಯಲ್ಲಿ ಒರೆಸಿ ಒಣಗಿಸಿದರೆ ಸಾಕು. ಹಳದಿಗಟ್ಟಿದೆ ಅಂತ ಬ್ಲೀಚಿಂಗ್ ಹಾಕುವವರನ್ನು ನೋಡಿದ್ದೇನೆ, ಅದೂ ಬೇಡ. ಇನ್ನೊಂದು ಮಾತು, ಕೊಂಬು ಮೂಳೆ ಯಾವುದನ್ನು ಉಜ್ಜುವಾಗಲೂ ಮೂಗಿಗೆ ಮಾಸ್ಕ್ ಇರಲಿ, ಆ ಪುಡಿ ಒಳ್ಳೆಯದಲ್ಲ.

ನಿಮ್ಮ ಬರಹದಲ್ಲಿ ಇನ್ನೆರಡು ತಪ್ಪು ಇವೆ. ಫೋಟೋದಲ್ಲಿರುವ ಬಿಳಿ ಹಿಡಿಯನ್ನು ಆನೆದಂತ ಅಂದಿದ್ದೀರಿ. ದೊಡ್ಡದು ಮಾಡಿ ನೋಡಿದೆ, ಸೂಜಿ ಮೊನೆಯಷ್ಟು ಕಪ್ಪು ಚುಕ್ಕೆ, ಗೆರೆ ಕಾಣುತ್ತವೆ. ಅದು ಮೂಳೆ. ಆನೆದಂತದಲ್ಲಿ ಅಂಥ ಚುಕ್ಕೆ ಇರುವುದಿಲ್ಲ, ಅಡ್ಡ ಕೊಯ್ದ ಕಡೆ ಒಂದರ ಮೇಲೊಂದು ಹಾಯುವ ಗೆರೆ ಇರುತ್ತವೆ. ಇದು ಸುಮ್ನೆ ಪಾಂಡಿತ್ಯಕ್ಕೆ ಹೇಳಿದ್ದಲ್ಲ. 1972ರ ವನ್ಯಜೀವಿ ಕಾಯ್ದೆಗೆ 1986ರಲ್ಲಿ, 1991ರಲ್ಲಿ ತಿದ್ದುಪಡಿ ಆದಮೇಲೆ ಆನೆದಂತದ ವ್ಯಾಪಾರ ನಮ್ಮಲ್ಲಿ ಪೂರ್ತಿ ನಿಷೇಧ. ನಿಮ್ಮ ಮಾತು ನಂಬಿ ಯಾರೋ ತಾತನ ಮೂಳೆ ಹಿಡಿ ಕತ್ತಿಯನ್ನು "ದಂತದ್ದು" ಅಂತ ಆನ್‌ಲೈನ್ ಮಾರಾಟಕ್ಕೆ ಹಾಕಿದರೆ ಬಾಗಿಲಿಗೆ ಅರಣ್ಯ ಇಲಾಖೆಯವರು ಬರುತ್ತಾರೆ. ನಿಜವಾಗಿ ದಂತದ್ದೇ ಆಗಿದ್ದರಂತೂ ಮಾರುವ ಮಾತೇ ಬೇಡ.

ಎರಡನೆಯದು, ಹಿಡಿ ಯಾವುದರದ್ದು ಅಂತ ತಿಳಿಯಲು ಕಾದ ಸೂಜಿ ಚುಚ್ಚಿ ವಾಸನೆ ನೋಡಿ ಅಂತ ನೀವು ಹೇಳಿದ ಪರೀಕ್ಷೆ. ಕೊಂಬಾದರೆ ಕೂದಲು ಸುಟ್ಟ ವಾಸನೆ ಬರುತ್ತದೆ, ಅದು ನಿಜ. ಆದರೆ ಹಳೇ ಕತ್ತಿಗಳ ಹಿಡಿ ಎಷ್ಟೋ ಸಲ ಸೆಲ್ಯುಲಾಯ್ಡ್ ಅನ್ನುವ ಹಳೇ ಕಾಲದ ಪ್ಲಾಸ್ಟಿಕ್ ಆಗಿರುತ್ತದೆ, ಆಮೆ ಚಿಪ್ಪು, ದಂತದ ಹಾಗೇ ಕಾಣುತ್ತದೆ, ಬೆಂಕಿ ತಗುಲಿದರೆ ಭಗ್ ಅಂತ ಹತ್ತಿಕೊಳ್ಳುತ್ತದೆ. ಅದಕ್ಕೆ ಸೂಜಿ ಬೇಕಿಲ್ಲ, ಬೆರಳಿನಿಂದ ಜೋರಾಗಿ ಉಜ್ಜಿ ಮೂಸಿದರೆ ಕರ್ಪೂರದ ವಾಸನೆ ಬರುತ್ತದೆ, ಅದರಲ್ಲಿ ಕರ್ಪೂರವನ್ನೇ ಸೇರಿಸಿರುತ್ತಾರೆ. ಸೆಲ್ಯುಲಾಯ್ಡ್ ಹಳತಾಗಿ ಕೆಡಲು ಶುರುವಾದರೆ ಆಮ್ಲದ ಹಬೆ ಬಿಟ್ಟು ಅಲಗಿಗೂ ತುಕ್ಕು ಹಿಡಿಸುತ್ತದೆ, ಪಕ್ಕದಲ್ಲಿಟ್ಟ ಕತ್ತಿಗಳಿಗೂ. ಅಂಥದ್ದನ್ನು ಬೇರೆ ಇಡಿ.

ಸೂಜಿ ಪರೀಕ್ಷೆಯ ಬಗ್ಗೆಯಾದರೂ ಮುಂದಿನ ವಾರ ನಾಲ್ಕು ಸಾಲಿನ ತಿದ್ದುಪಡಿ ಹಾಕಿ. ಫೋಟೋ ಬೇಕಿದ್ದರೆ ತಾತನ ಕತ್ತಿಯದ್ದೇ ಕಳಿಸುತ್ತೇನೆ, ಆ ನೀಲಿ ಬಣ್ಣ ಚೆನ್ನಾಗಿ ಬೀಳುತ್ತದೆ.

ಇಂತಿ,
ನಿಮ್ಮ ಓದುಗ, ಬೆಂಗಳೂರು