ನಮ್ಮ ರ‍್ಯಾಲಿ ಚಾಲಕ ಮಿತ್ರರೊಬ್ಬರ ಮುಂದಿನ ವರ್ಷದ ಬಗ್ಗೆ ಭಾನುವಾರ ಸಭೆ

ಪುಣೆಯ ಬಳಗದ ಎಲ್ಲರಿಗೂ ನಮಸ್ಕಾರ.

ಯಾವ ಕಂಪನಿಯ ಬೆಂಬಲವೂ ಇಲ್ಲದೆ ಸ್ವಂತ ಉಳಿತಾಯದಿಂದಲೇ ಈ ವರ್ಷ ರಾಷ್ಟ್ರೀಯ ಕಾರು ರ‍್ಯಾಲಿ ಚಾಂಪಿಯನ್‌ಶಿಪ್‌ನಲ್ಲಿ ಸ್ಪರ್ಧಿಸಿದ ನಮ್ಮ ಚಾಲಕ ಮಿತ್ರರೊಬ್ಬರು ಮುಂದಿನ ವರ್ಷ ಕಣಕ್ಕಿಳಿಯುವುದು ಅನಿಶ್ಚಿತವಾಗಿದೆ. ಪ್ರವೇಶ ಶುಲ್ಕವೊಂದೇ ಆಗಿದ್ದರೆ ನಿಭಾಯಿಸಬಹುದಿತ್ತು. ಜಲ್ಲಿ ಹಾದಿಯಲ್ಲಿ ಬೇಗ ಸವೆಯುವ ಟೈರುಗಳು, ಸಸ್ಪೆನ್ಷನ್ ದುರಸ್ತಿ, ಕೊಡಗು, ಕೊಯಮತ್ತೂರಿನವರೆಗೆ ಕಾರಿನ ಸಾಗಣೆ, ಪೇಸ್ ನೋಟ್ಸ್ (ಹಾದಿಯ ತಿರುವುಗಳ ಟಿಪ್ಪಣಿ) ಓದುವ ಸಹಚಾಲಕರ ಮತ್ತು ಮೆಕ್ಯಾನಿಕ್‌ಗಳ ವಾಸ್ತವ್ಯ ಇವೆಲ್ಲ ಸೇರಿ ಒಬ್ಬರ ಸಂಬಳಕ್ಕೆ ಮೀರಿದ ಹೊರೆಯಾಗಿವೆ. 2019ರಲ್ಲಿ ರ‍್ಯಾಲಿ ಚಾಲಕ ಗೌರವ್ ಗಿಲ್ ಅವರಿಗೆ ಅರ್ಜುನ ಪ್ರಶಸ್ತಿ ಬಂದು ಈ ಕ್ರೀಡೆಗೆ ಮನ್ನಣೆ ದೊರೆತರೂ, ಖಾಸಗಿಯಾಗಿ ಓಡಿಸುವವರಿಗೆ ಪ್ರಾಯೋಜಕರು ಸಿಗುವುದು ಇಂದಿಗೂ ಕಷ್ಟ.

ಆದ್ದರಿಂದ ಭಾನುವಾರ ಸಂಜೆ 5 ಗಂಟೆಗೆ ಕೋಥ್ರೂಡಿನಲ್ಲಿರುವ ಈ ಚಾಲಕ ಮಿತ್ರರ ಮನೆಯಲ್ಲಿ ಸೇರೋಣ. ಚಾಕಣ, ಪಿಂಪ್ರಿಯ ಬಿಡಿಭಾಗ ಕಾರ್ಖಾನೆಗಳಲ್ಲಿ ಪರಿಚಯವಿರುವವರು ದಯವಿಟ್ಟು ತಪ್ಪದೆ ಬನ್ನಿ. ಈಗಲೇ ಯಾರೂ ಹಣ ಕಳುಹಿಸಬೇಡಿ. ಖರ್ಚಿನ ಪಟ್ಟಿಯನ್ನು ಮೊದಲು ಒಟ್ಟಾಗಿ ನೋಡೋಣ. ಬರುವವರು ಶುಕ್ರವಾರದೊಳಗೆ ಇಲ್ಲಿಯೇ ತಿಳಿಸಬೇಕಾಗಿ ವಿನಂತಿ.