ಬಣ್ಣ ಕೇಳುವ ಮೊದಲು ನೀರು ಕೇಳಿ

ಮಾನ್ಯ ಸಂಪಾದಕರೇ,

ಪತ್ರಿಕೆಯ ಮನೆ–ಅಂಗಳದ ಪುಟದಲ್ಲಿ ಓದುಗರು ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಇವೇ: ಬಚ್ಚಲಿಗೆ ಯಾವ ನಳ ಹಾಕಿಸಬೇಕು, ಗುಲಾಬಿ ಎಲೆ ಯಾಕೆ ಹಳದಿಯಾಗುತ್ತಿದೆ, ಪಡಸಾಲೆಗೆ ಯಾವ ಬಣ್ಣ ಒಪ್ಪುತ್ತದೆ. ಉತ್ತರ ಕೊಡುವವರು ತಿಳಿದವರೇ. ಆದರೆ ಆ ಉತ್ತರಗಳು ಬೆಂಗಳೂರಿನ ಕಾವೇರಿ ನೀರಿಗೆ, ಅಲ್ಲಿನ ಕೆಂಪು ಮಣ್ಣಿಗೆ, ತಂಪು ಹವೆಗೆ ಒಗ್ಗುವಂಥವು. ರಾಯಚೂರು, ಮಾನ್ವಿ, ಸಿಂಧನೂರು ಕಡೆ ಎಷ್ಟೋ ಮನೆಗಳ ನಳದಲ್ಲಿ ಬರುವುದು ಬೋರಿನ ಸವಳು ನೀರು, ಕಾಲಡಿ ಇರುವುದು ಎರೆ ಮಣ್ಣು, ಮೇ ತಿಂಗಳ ಬಿಸಿಲು ಕೆಲವೊಮ್ಮೆ 43–44 ಡಿಗ್ರಿ. ಇಲ್ಲಿ ನಳ, ಗುಲಾಬಿ, ಗೋಡೆ ಮೂರನ್ನೂ ಕೆಡಿಸುವುದು ಹೆಚ್ಚಾಗಿ ಒಂದೇ: ನೀರಿನಲ್ಲಿ ಕರಗಿರುವ ಸುಣ್ಣ ಮತ್ತು ಉಪ್ಪು.

ಹಾಗಾಗಿ ಮೊದಲು ನೀರಿನ ಗಡಸುತನ, ಅಂದರೆ ಅದರಲ್ಲಿ ಸುಣ್ಣದಂಶ ಎಷ್ಟಿದೆ ಎಂಬುದು, ಗೊತ್ತಾಗಬೇಕು. ಕುಡಿಯುವ ನೀರಿಗೆ ಭಾರತೀಯ ಮಾನಕ ಬ್ಯೂರೊ ಹಾಕಿರುವ ಮಿತಿ ಲೀಟರಿಗೆ 200 ಮಿಲಿಗ್ರಾಂ. ಬೇರೆ ನೀರೇ ಇಲ್ಲದಿದ್ದರೆ 600ರವರೆಗೆ. ಜಿಲ್ಲಾ ನೀರು ಪರೀಕ್ಷಾ ಪ್ರಯೋಗಾಲಯದಲ್ಲಿ ಒಂದು ಲೀಟರ್ ಬಾಟಲಿ ಕೊಟ್ಟರೆ ಲೆಕ್ಕ ಸಿಗುತ್ತದೆ. ಅಂಗಡಿಯವರು ಅದ್ದಿ ತೋರಿಸುವ ಟಿಡಿಎಸ್ ಮೀಟರ್ ಗಡಸುತನವನ್ನು ಅಳೆಯುವುದಿಲ್ಲ, ಕರಗಿದ ಲವಣಗಳ ಒಟ್ಟು ಮೊತ್ತವನ್ನಷ್ಟೇ ಹೇಳುತ್ತದೆ.

ಇನ್ನು ನಳದ ಮಾತು. ನೀರು ಸಣ್ಣಗಾದ ಕೂಡಲೇ ನಳ ಕೆಟ್ಟಿತೆಂದು ಬದಲಿಸುವವರು ಬಹಳ. ನಳದ ಬಾಯಲ್ಲಿರುವ ಜಾಲರಿಯನ್ನು ಬಟ್ಟೆ ಸುತ್ತಿ ಕೈಯಲ್ಲೇ ತಿರುಗಿಸಿ ಬಿಚ್ಚಿ ನೋಡಿ. ಒಳಗೆ ಮೊಟ್ಟೆಯ ಸಿಪ್ಪೆ ಚೂರಿನಂಥ ಬಿಳಿ ಹಕ್ಕಳೆ, ಅದರ ಸಂದಿಯಲ್ಲಿ ಟ್ಯಾಂಕಿನಿಂದ ಬಂದ ಮರಳಿನ ಕಣ. ಒಂದು ಲೀಟರ್ ಬೆಚ್ಚನೆಯ ನೀರಿಗೆ 50 ಗ್ರಾಂ ನಿಂಬೆ ಉಪ್ಪು (ಸಿಟ್ರಿಕ್ ಆಸಿಡ್) ಕರಗಿಸಿ ಅರ್ಧ ಗಂಟೆ ನೆನೆಸಿ, ಹಳೆಯ ಹಲ್ಲುಜ್ಜುವ ಬ್ರಷ್‌ನಿಂದ ಉಜ್ಜಿದರೆ ಸಾಕು. ಶವರ್ ಬಿಚ್ಚಲು ಬರದಿದ್ದರೆ ಇದೇ ನೀರನ್ನು ಪ್ಲಾಸ್ಟಿಕ್ ಚೀಲದಲ್ಲಿ ತುಂಬಿ ಅದರ ತಲೆಗೆ ಕಟ್ಟಿಬಿಡಿ. ಬಚ್ಚಲು ತೊಳೆಯುವ ಆಸಿಡ್ ಮಾತ್ರ ಬೇಡವೇ ಬೇಡ, ಕ್ರೋಮ್ ಲೇಪ ಕಿತ್ತುಬರುತ್ತದೆ. ನಮ್ಮ ಕಡೆಯ ಶಹಾಬಾದ್, ಕಡಪಾ ಪರಸಿಗಳು ಸುಣ್ಣದ ಕಲ್ಲುಗಳು. ಅವುಗಳ ಮೇಲೆ ನಿಂಬೆ ಉಪ್ಪಿನ ನೀರು ಬಿದ್ದರೂ ಹೊಳಪು ಹೋಗಿ ಮಚ್ಚೆ ಉಳಿಯುತ್ತದೆ. ಕೆಲಸಕ್ಕೆ ಮುಂಚೆ ಕೆಳಗೆ ಒಂದು ಬಕೆಟ್ ಇಡಿ.

ಹೊಸ ನಳ ಕೊಳ್ಳುವಾಗ ಕೈಯಲ್ಲಿ ತೂಗಿ ನೋಡಿ. ಹಿತ್ತಾಳೆಯದು ಭಾರ, ಅಗ್ಗದ ಮಿಶ್ರಲೋಹದ್ದು ಹಗುರ. ಹಗುರದ್ದು ಸವಳು ನೀರಿಗೆ ಥ್ರೆಡ್ ಹತ್ತಿರವೇ ಮುರಿಯುತ್ತದೆ. ಕಾಲು ಸುತ್ತು ತಿರುಗಿಸಿದರೆ ತೆರೆಯುವ ನಳದೊಳಗೆ ಎರಡು ಸೆರಾಮಿಕ್ ಬಿಲ್ಲೆಗಳಿರುತ್ತವೆ. ಅವುಗಳ ನಡುವೆ ಮರಳು ಸಿಕ್ಕರೆ ಗೀರು ಬಿದ್ದು ಸದಾ ತೊಟ್ಟಿಕ್ಕುತ್ತದೆ, ವಾಷರ್ ಬದಲಿಸಿದಂತೆ ಬದಲಿಸಲು ಬರುವುದಿಲ್ಲ, ಬಿಲ್ಲೆಗಳಿರುವ ಇಡೀ ಕಾರ್ಟ್ರಿಜ್ ತರಬೇಕು. ಸಿಂಗಲ್ ಲಿವರ್ ಮಿಕ್ಸರ್‌ಗಳಲ್ಲಿ ಸಾಮಾನ್ಯವಾಗಿ 35 ಇಲ್ಲವೇ 40 ಮಿ.ಮೀ. ಅಳತೆಯವು ಇರುತ್ತವೆ, ಹಳೆಯದನ್ನು ಕೈಯಲ್ಲಿ ಹಿಡಿದೇ ಅಂಗಡಿಗೆ ಹೋಗಿ. ಟ್ಯಾಂಕಿನಿಂದ ಇಳಿಯುವ ಪೈಪಿಗೆ ಒಂದು ಜಾಲರಿ ಫಿಲ್ಟರ್ ಹಾಕಿಸಿದರೆ ಈ ತಾಪತ್ರಯ ಅರ್ಧ ಕಡಿಮೆ. ಈಗ ಬೇಡಿಕೆಯಲ್ಲಿರುವ ಮ್ಯಾಟ್ ಕಪ್ಪು ನಳಗಳು ನಮ್ಮ ನೀರಿಗೆ ಹೇಳಿದ್ದಲ್ಲ, ಒಂದೊಂದು ಹನಿಯೂ ಒಣಗಿ ಬಿಳಿ ಚುಕ್ಕೆಯಾಗಿ ಕೂರುತ್ತದೆ. ದೊಡ್ಡ ಮಳೆ ಶವರ್ ಕೊಳ್ಳುವವರು ಒತ್ತಡದ ಲೆಕ್ಕ ಹಾಕಿಕೊಳ್ಳಬೇಕು. ಟ್ಯಾಂಕಿನ ನೀರು ಶವರಿಗಿಂತ 10 ಅಡಿ ಎತ್ತರದಲ್ಲಿದ್ದರೆ ಸಿಗುವ ಒತ್ತಡ ಸುಮಾರು 0.3 ಬಾರ್ ಮಾತ್ರ. ಎಷ್ಟು ಬೇಕೆಂದು ಪೆಟ್ಟಿಗೆಯ ಮೇಲೆ ಬರೆದಿರುತ್ತದೆ, ಓದಿಯೇ ದುಡ್ಡು ಕೊಡಿ.

ನೀರು ಕಾದಷ್ಟೂ ಸುಣ್ಣ ಬೇಗ ಬೇರ್ಪಟ್ಟು ಗೀಸರಿನ ಕಾಯಿಲ್ ಮೇಲೆ ಕಟ್ಟುತ್ತದೆ. ಆದ್ದರಿಂದ ಥರ್ಮೊಸ್ಟಾಟ್ 55 ಡಿಗ್ರಿಯ ಆಸುಪಾಸಿನಲ್ಲಿರಲಿ, ವರ್ಷಕ್ಕೊಮ್ಮೆ ಒಳಗಿನ ಸುಣ್ಣ ತೆಗೆಸಿ, ಆಗಲೇ ಮೆಗ್ನೀಸಿಯಂ ಆನೋಡ್ ಕಡ್ಡಿ ಎಷ್ಟು ಉಳಿದಿದೆ ನೋಡಿಸಿ. ಅದು ತಾನು ಸವೆದು ಟ್ಯಾಂಕನ್ನು ಕಾಯುವ ಕಡ್ಡಿ. ಸವೆದುಹೋದ ಮೇಲೆ ತೂತು ಬೀಳುವ ಸರದಿ ಟ್ಯಾಂಕಿನದು. ಸೇಫ್ಟಿ ವಾಲ್ವ್ ತೊಟ್ಟಿಕ್ಕುತ್ತಿದೆಯೆಂದು ಅದರ ಬಾಯಿಗೆ ಡಮ್ಮಿ (ಬಿರಡೆ) ಹಾಕುವುದನ್ನು ಅಲ್ಲಲ್ಲಿ ನೋಡುತ್ತೇವೆ. ದಯವಿಟ್ಟು ಹಾಗೆ ಮಾಡಬೇಡಿ, ಒಳಗಿನ ಒತ್ತಡಕ್ಕೆ ದಾರಿ ಇಲ್ಲದೆ ಗೀಸರ್ ಸಿಡಿಯಬಹುದು. ಸೋಲಾರ್ ಹಾಕಿಸುವವರಿಗೆ ಗಡಸು ನೀರಿಗೆ ಗಾಜಿನ ಕೊಳವೆಯದೇ ವಾಸಿ; ತಾಮ್ರದ ಸಣ್ಣ ಕೊಳವೆಗಳು ಬೇಗ ಕಟ್ಟಿಕೊಳ್ಳುತ್ತವೆ.

ಗಡಸುತನಕ್ಕೆ ಸಾಫ್ಟನರ್ ಒಳ್ಳೆಯ ಉಪಾಯವೇ. ಆದರೆ ಉಪ್ಪು ಹಾಕಿ ನಡೆಸುವ ಸಾಫ್ಟನರ್ ಕ್ಯಾಲ್ಸಿಯಂ ತೆಗೆದು ಆ ಜಾಗಕ್ಕೆ ಸೋಡಿಯಂ ಬಿಡುತ್ತದೆ. ಆ ನೀರು ಬಚ್ಚಲಿಗೆ ಹಿತ, ಗಿಡಕ್ಕೆ ವಿಷ. ಎರೆ ಮಣ್ಣಿಗೆ ಸೋಡಿಯಂ ಸೇರಿದರೆ ಮಣ್ಣು ಅಂಟಾಗಿ ನೀರು ಇಂಗುವುದೇ ನಿಲ್ಲುತ್ತದೆ. ಅಂಗಳದ ನಳದ ಪೈಪನ್ನು ಸಾಫ್ಟನರಿಗೆ ಮುಂಚೆಯೇ ಬೇರೆ ಮಾಡಿಸಬೇಕು. ಕುಡಿಯುವ ನೀರಿನ ಆರ್‌ಒ ಯಂತ್ರ ಹೊರಬಿಡುವ ನೀರಿನಲ್ಲೂ ಉಪ್ಪು ಹೆಚ್ಚು. ಅದು ಪರಸಿ ಒರೆಸಲು ಆದೀತು, ಗುಲಾಬಿಗೆ ಬೇಡ. ಬದಲಿಗೆ ಬೇಸಿಗೆಯಲ್ಲಿ ಎಸಿಯಿಂದ ತೊಟ್ಟಿಕ್ಕುವ ನೀರು ಹಿಡಿದಿಡಿ. ಅದರಲ್ಲಿ ಸುಣ್ಣವೂ ಇಲ್ಲ, ಉಪ್ಪೂ ಇಲ್ಲ.

ಗುಲಾಬಿಗೆ ಬೇಕಾದ ಮಣ್ಣಿನ ಪಿಎಚ್ (ಹುಳಿ–ಕ್ಷಾರದ ಅಳತೆ) 6ರಿಂದ 7ರ ಒಳಗೆ. ನಮ್ಮ ಎರೆ ಹೆಚ್ಚಾಗಿ 8ರ ಮೇಲಿರುತ್ತದೆ. ಅಲ್ಲಿ ಕಬ್ಬಿಣದ ಅಂಶ ಇದ್ದರೂ ಬೇರಿಗೆ ದಕ್ಕುವುದಿಲ್ಲ. ಗಿಡದ ತುದಿಯ ಎಳೆಯ ಎಲೆ ಕಿತ್ತು ಬೆಳಕಿಗೆ ಹಿಡಿಯಿರಿ: ನರ ಹಸಿರು, ನರಗಳ ನಡುವಿನ ಹಾಳೆ ನಿಂಬೆ ಹಳದಿ. ಇದು ಕಬ್ಬಿಣದ ಕೊರತೆ. ಬುಡದ ಹಳೆಯ ಎಲೆ ಇಡಿಯಾಗಿ ಹಳದಿಯಾದರೆ ಸಾರಜನಕದ ಕೊರತೆ, ಗೊಬ್ಬರ ಹಾಕಿದರೆ ತಿರುಗುತ್ತದೆ. ಎರಡಕ್ಕೂ ಎಪ್ಸಮ್ ಉಪ್ಪು ಹಾಕಿ ಎಂಬ ಸಲಹೆ ಊರ ತುಂಬ ಇದೆ. ಅದರಲ್ಲಿರುವುದು ಮೆಗ್ನೀಸಿಯಂ, ಈ ಎರಡು ರೋಗಕ್ಕೂ ಅದು ಮದ್ದಲ್ಲ. ಕಬ್ಬಿಣಕ್ಕಾದರೆ ಲೀಟರಿಗೆ 5 ಗ್ರಾಂ ಫೆರಸ್ ಸಲ್ಫೇಟ್, 1 ಗ್ರಾಂ ನಿಂಬೆ ಉಪ್ಪು ಕರಗಿಸಿ ಸಂಜೆ ಎಲೆಗೆ ಸಿಂಪಡಿಸಿ, 10 ದಿನ ಬಿಟ್ಟು ಮತ್ತೊಮ್ಮೆ. ನೆಲಕ್ಕೆ ಬಿದ್ದರೆ ತುಕ್ಕಿನ ಕಲೆ ಹೋಗುವುದಿಲ್ಲ, ಕುಂಡವನ್ನು ಮಣ್ಣಿನ ಮೇಲಿಟ್ಟು ಹೊಡೆಯಿರಿ. ಬುಡಕ್ಕೇ ಹಾಕುವುದಾದರೆ ಇಡಿಡಿಎಚ್‌ಎ ಎಂದು ಬರೆದಿರುವ ಕಬ್ಬಿಣವನ್ನೇ ತನ್ನಿ. ಇಡಿಟಿಎ ಎಂದಿರುವುದು ನಮ್ಮ ಸುಣ್ಣದ ಮಣ್ಣಿನಲ್ಲಿ ನಿಲ್ಲುವುದಿಲ್ಲ.

ಎರೆ ಇರುವ ಅಂಗಳದಲ್ಲಿ 14 ಇಂಚಿನ ಮಣ್ಣಿನ ಕುಂಡವೇ ಸರಿ. ಮಸಾರಿ (ಕೆಂಪು) ಮಣ್ಣು ಎರಡು ಪಾಲು, ಚೆನ್ನಾಗಿ ಕಳಿತ ತಿಪ್ಪೆಗೊಬ್ಬರ ಒಂದು ಪಾಲು, ದಪ್ಪ ಮರಳು ಒಂದು ಪಾಲು, ಮೇಲೆ ಒಂದು ಹಿಡಿ ಬೇವಿನ ಹಿಂಡಿ. ಕಪ್ಪು ಪ್ಲಾಸ್ಟಿಕ್ ಕುಂಡ ಬಿಸಿಲಿಗೆ ಕಾದು ಬೇರನ್ನೇ ಬೇಯಿಸುತ್ತದೆ. ಕಸಿ ಗಂಟು ಮಣ್ಣಿನಿಂದ ಎರಡು ಬೆರಳು ಮೇಲಿರಲಿ. ಗಂಟಿನ ಕೆಳಗಿಂದ ನೀಳವಾಗಿ, ಹುರುಪಿನಿಂದ ಎದ್ದು ಬರುವ ಚಿಗುರನ್ನು ಕಂಡು ಗಿಡ ಚೆನ್ನಾಗಿ ಬೆಳೆಯಿತೆಂದು ಹಿಗ್ಗಬೇಡಿ. ಅದು ಬೇರುಗಿಡದ್ದು; ಒಂದೊಂದು ಎಲೆಯಲ್ಲಿ ಏಳು ಕಿರು ಎಲೆ ಕಾಣುವುದುಂಟು. ಬಿಟ್ಟರೆ ಮೇಲಿನ ಒಳ್ಳೆಯ ಜಾತಿಯನ್ನು ಹಸಿವಿನಿಂದ ಕೊಲ್ಲುತ್ತದೆ. ಕತ್ತರಿಸಿದರೆ ಮತ್ತೆ ಒಡೆಯುತ್ತದೆ, ಬುಡ ಬಗೆದು ಜಗ್ಗಿ ಕೀಳಬೇಕು. ಕುಂಡದ ಅಂಚಿನಲ್ಲಿ ಬಿಳಿ ಪುಡಿ ಕಟ್ಟಿದ್ದರೆ ಉಪ್ಪು ತುಂಬಿದೆ ಎಂದೇ ಅರ್ಥ, ಮಳೆ ನೀರನ್ನು ಕುಂಡದ ಎರಡು ಪಟ್ಟು ಹಾಯಿಸಿ ತೊಳೆಯಿರಿ. ಮುಖ್ಯ ಸವರಿಕೆ ಮಳೆಗಾಲ ಮುಗಿದ ಮೇಲೆ, ಅಕ್ಟೋಬರಿನಲ್ಲಿ. ಏಪ್ರಿಲ್–ಮೇನಲ್ಲಿ ಕತ್ತರಿ ಮುಟ್ಟಬೇಡಿ, ಮಧ್ಯಾಹ್ನಕ್ಕೆ ನೆರಳು ಬಲೆ ಕಟ್ಟಿ. ಜಾತಿ ಕೇಳುವವರಿಗೆ ನಮ್ಮ ಉತ್ತರ ಪನ್ನೀರು ಗುಲಾಬಿ. ಅಂಗಡಿಯ ಡಚ್ ಗುಲಾಬಿಗಳನ್ನು ಪಾಲಿಹೌಸಿನಲ್ಲಿ ಬೆಳೆಯುತ್ತಾರೆ, ನಮ್ಮ ಬಯಲಿನಲ್ಲಿ ಅವು ಬಾಳುವುದು ಕಷ್ಟ.

ಚೆಂದ ಕಾಣಲೆಂದು ಗೋಡೆಗೆ ಒತ್ತಿ ಗುಲಾಬಿ ಮಡಿ ಮಾಡಿಸುವುದು ಎರೆ ನೆಲದಲ್ಲಿ ದೊಡ್ಡ ತಪ್ಪು. ಎರೆ ನೀರು ಕುಡಿದು ಉಬ್ಬುತ್ತದೆ, ಒಣಗಿ ಬಿರಿಯುತ್ತದೆ. ಪಾಯದ ಒಂದು ಬದಿ ಮಾತ್ರ ಹೀಗಾದಾಗ ಕಿಟಕಿ ಮೂಲೆಯಿಂದ ಓರೆಯಾಗಿ ಬಿರುಕು ಏಳುತ್ತದೆ. ಅದಕ್ಕೆ ವರ್ಷ ವರ್ಷ ಪುಟ್ಟಿ ತುಂಬಿ ಬಣ್ಣ ಬಳಿದರೆ ಹಣ ಹೋಗುತ್ತದೆ, ಬಿರುಕು ಇರುತ್ತದೆ. ಮಡಿ ಗೋಡೆಯಿಂದ ಕನಿಷ್ಠ 5 ಅಡಿ ದೂರವಿರಲಿ.

ಗೋಡೆಯ ಬುಡದ ಮೂರಡಿಯಲ್ಲಿ ಬಣ್ಣ ಉಬ್ಬಿ ಹಿಟ್ಟಿನಂತೆ ಉದುರುವುದಕ್ಕೂ ಬಣ್ಣದ ಕಂಪನಿಗೂ ಸಂಬಂಧವಿಲ್ಲ. ಪಾಯದಿಂದ ಏರಿದ ತೇವ ಉಪ್ಪನ್ನು ಹೊತ್ತು ತಂದು, ಮೇಲ್ಮೈಯಲ್ಲಿ ಆರಿ, ಹರಳುಗಟ್ಟಿ ಬಣ್ಣವನ್ನು ಹೊರಗೆ ದಬ್ಬುತ್ತದೆ. ಸವಳು ನೀರಿನಲ್ಲೇ ಗಿಲಾವು ಕಲಸಿ ಕ್ಯೂರಿಂಗ್ ಮಾಡಿದ್ದರೆ ಹೊಸ ಮನೆಯಲ್ಲೂ ಹೀಗೆಯೇ. ಉಪ್ಪನ್ನು ಒಣ ಬ್ರಷ್‌ನಿಂದ ಗುಡಿಸಿ ತೆಗೆಯಿರಿ, ನೀರು ಹಾಕಿ ತೊಳೆದರೆ ಕರಗಿ ಮತ್ತೆ ಒಳಗೇ ಹೋಗುತ್ತದೆ. ಬಣ್ಣಕ್ಕೆ ಮುಂಚೆ ಒಂದೂವರೆ ಅಡಿ ಪ್ಲಾಸ್ಟಿಕ್ ಹಾಳೆಯನ್ನು ಗೋಡೆಗೆ ನಾಲ್ಕೂ ಕಡೆ ಟೇಪ್ ಹಾಕಿ ಅಂಟಿಸಿ ಒಂದು ದಿನ ಬಿಡಿ. ಒಳಗೆ ಹನಿ ಕಂಡರೆ ಪೇಂಟರನ್ನು ವಾಪಸ್ ಕಳಿಸಿ, ತೇವ ತಡೆಯುವ ಕೆಲಸ ಮೊದಲು ಮಾಡಿಸಿ.

ನಿಮ್ಮಲ್ಲಿ ನಮ್ಮ ವಿನಂತಿ ಒಂದೇ. ಪ್ರಶ್ನೆಯ ಜೊತೆಗೆ ಊರು, ನೀರಿನ ಮೂಲ, ಅದರ ಗಡಸುತನ, ಮಣ್ಣಿನ ಬಣ್ಣ, ಗೋಡೆ ಯಾವ ದಿಕ್ಕಿಗಿದೆ ಎಂಬುದನ್ನು ಬರೆದು ಕಳಿಸುವಂತೆ ಪುಟದಲ್ಲಿ ಸೂಚನೆ ಹಾಕಿ, ಉತ್ತರಿಸುವವರಿಗೂ ಅದನ್ನು ತಲುಪಿಸಿ. ಗುಲಾಬಿ ಎಲೆಯ ಫೋಟೊ ಕಳಿಸುವವರು ತುದಿಯ ಎಲೆ, ಬುಡದ ಎಲೆ ಎರಡನ್ನೂ ಅಕ್ಕಪಕ್ಕ ಇಟ್ಟು ತೆಗೆಯಲಿ.

– ಓದುಗರು, ರಾಯಚೂರು