ಕನ್ನಡದ ಮಕ್ಕಳನ್ನು ಕನ್ನಡದಲ್ಲೇ ಪರೀಕ್ಷಿಸಿ

ಮಾನ್ಯ ಸಂಪಾದಕರೇ,

ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕ ಪರಿಸರದ ಕನ್ನಡ ಮಾಧ್ಯಮ ಎಲ್.ಪಿ. (ಕಿರಿಯ ಪ್ರಾಥಮಿಕ) ಶಾಲೆಯೊಂದರಲ್ಲಿ ಇಪ್ಪತ್ತಾರು ವರ್ಷ ಪಾಠ ಮಾಡಿ ನಿವೃತ್ತಳಾದವಳು ನಾನು. ಕೆಲಸದಲ್ಲಿದ್ದಾಗ ಹೇಳಲಾಗದೆ ಉಳಿದ ಮಾತೊಂದಿದೆ, ಅದನ್ನು ಈಗ ಬರೆಯುತ್ತಿದ್ದೇನೆ.

ಕೆಲವು ವರ್ಷಗಳ ಹಿಂದಿನ ಕ್ರಿಸ್ಮಸ್ ಪರೀಕ್ಷೆ, ಅಂದರೆ ಡಿಸೆಂಬರಿನ ಅರ್ಧವಾರ್ಷಿಕ ಪರೀಕ್ಷೆ. ನಾಲ್ಕನೇ ತರಗತಿ, ಪರಿಸರ ಅಧ್ಯಯನದ ಪತ್ರಿಕೆ. ಎಲ್ಲ ಮಕ್ಕಳು ತಲೆ ತಗ್ಗಿಸಿ ಬರೆಯುತ್ತಿದ್ದರೆ ಎರಡನೇ ಬೆಂಚಿನ ಹುಡುಗನೊಬ್ಬ ಪೆನ್ಸಿಲ್ ಕೆಳಗಿಟ್ಟು ಬಾಗಿಲ ಕಡೆ ನೋಡುತ್ತಾ ಕೂತಿದ್ದ. ಹತ್ತಿರ ಹೋಗಿ ‘ಎಂತ ಮಾರಾಯ, ಬರೆಯುವುದಿಲ್ಲವಾ?’ ಎಂದು ಕೇಳಿದೆ. ‘ಚಿತ್ರ ಬರ್ಲಿಲ್ಲ ಟೀಚರ್, ಕಾಯ್ತಾ ಇದ್ದೇನೆ’ ಅಂದ. ಪ್ರಶ್ನೆಪತ್ರಿಕೆ ತೆಗೆದು ನೋಡಿದೆ. ‘ಚಿತ್ರವನ್ನು ನಿರೀಕ್ಷಿಸಿ ಉತ್ತರ ಬರೆಯಿರಿ’ ಎಂದಿತ್ತು. ಕೆಳಗೆ ನಾಲ್ಕು ಹಕ್ಕಿಗಳ ಚಿತ್ರ, ಮಸಿ ಹರಡಿ ಕೊಕ್ಕು ಯಾವುದು ರೆಕ್ಕೆ ಯಾವುದು ಎಂದು ತಿಳಿಯುತ್ತಿರಲಿಲ್ಲ. ಬೇರೆ ಒಳ್ಳೆಯ ಚಿತ್ರ ತಂದುಕೊಡುತ್ತಾರೆ ಎಂದು ಅವನು ಕಾದಿದ್ದ. ಇಪ್ಪತ್ತು ನಿಮಿಷ ಕಾದಿದ್ದ.

ಮಲಯಾಳದಲ್ಲಿ ನಿರೀಕ್ಷಿಸುವುದು ಎಂದರೆ ಗಮನವಿಟ್ಟು ನೋಡುವುದು. ಕನ್ನಡದಲ್ಲಿ ಕಾಯುವುದು. ಮಲಯಾಳದಲ್ಲಿ ತಯಾರಾದ ಪ್ರಶ್ನೆಯನ್ನು ಕನ್ನಡಕ್ಕೆ ತಂದವರು ಕ್ರಿಯಾಪದದ ಬಾಲವನ್ನು ಮಾತ್ರ ಕನ್ನಡ ಮಾಡಿ ಬಿಟ್ಟಿದ್ದರು. ಆ ಹುಡುಗನ ಮನೆಮಾತು ತುಳು. ‘ನಿರೀಕ್ಷಿಸು’ ಎಂಬ ಪದ ಅವನಿಗೆ ಸಿಕ್ಕಿದ್ದೇ ಶಾಲೆಯಲ್ಲಿ. ಅದಕ್ಕೆ ‘ಕಾಯುವುದು’ ಎಂದು ಬೋರ್ಡಿನಲ್ಲಿ ಅರ್ಥ ಬರೆದವಳು ನಾನೇ. ಕಲಿಸಿದ್ದನ್ನು ಸರಿಯಾಗಿ ಕಲಿತದ್ದಕ್ಕೆ ಆ ಮಗುವಿಗೆ ಆದ ಶಿಕ್ಷೆ ಅದು.

ತೋಟದ ಬದಿಯಲ್ಲೇ ಬೆಳೆದ ಹುಡುಗ. ಕೂಗು ಕೇಳಿಯೇ ಕುಪ್ಪುಲು ಹಕ್ಕಿ ಯಾವ ಪೊದೆಯಲ್ಲಿದೆ ಎಂದು ತೋರಿಸುತ್ತಿದ್ದ. ಅಮ್ಮನ ಜೊತೆ, ಕಟ್ಟಿದ ಬೀಡಿ ಕೊಡುವ ಬ್ರಾಂಚಿಗೆ ಹೋಗಿ, ಇಪ್ಪತ್ತೈದರ ಕಟ್ಟು ಎಷ್ಟಾದರೆ ಸಾವಿರವಾಗುತ್ತದೆ, ಇನ್ನೆಷ್ಟು ಕಟ್ಟು ಬೇಕು ಎಂದು ಬಾಯಲ್ಲೇ ಲೆಕ್ಕ ಹೇಳುವವನು. ಅವನಿಗೆ ಪರಿಸರ ಅಧ್ಯಯನದಲ್ಲಿ ‘ಬಿ’ ಬಂತು. ನಾಲ್ಕನೇ ತರಗತಿಯವರಿಗೆ ಸರಕಾರ ನಡೆಸುತ್ತಿದ್ದ ಎಲ್.ಎಸ್.ಎಸ್. ಸ್ಕಾಲರ್‌ಶಿಪ್ ಪರೀಕ್ಷೆಗೆ ಕೂರಿಸುವಾಗ ಕ್ರಿಸ್ಮಸ್ ಪರೀಕ್ಷೆಯ ಗ್ರೇಡ್ ನೋಡುತ್ತಿದ್ದುದರಿಂದ ಅವನ ಹೆಸರು ಪಟ್ಟಿಯಿಂದ ಬಿಟ್ಟುಹೋಯಿತು. ‘ನಾನು ಬುದ್ಧಿ ಇಲ್ಲದವನಾ ಟೀಚರ್?’ ಎಂದು ಕೇಳಿದ. ಒಂಬತ್ತು ವರ್ಷದ ಮಗುವಿನ ಬಾಯಲ್ಲಿ ಈ ಮಾತು ಕೇಳಿದ ಮೇಲೆ ಮನಸ್ಸು ತಡೆಯಲಿಲ್ಲ.

ಆಮೇಲೆ ನಾನು ಮಾಡಿದ್ದನ್ನೂ ಹೇಳಬೇಕು. ಮರುವರ್ಷ ಒಂದು ನೋಟ್‌ಬುಕ್ಕಿನಲ್ಲಿ ಪದಗಳ ಪಟ್ಟಿ ಮಾಡಿದೆ. ಪರೀಕ್ಷೆಯಲ್ಲಿ ‘ನಿರೀಕ್ಷಿಸಿ’ ಎಂದಿದ್ದರೆ ನೋಡಿ ಎಂದು ತಿಳಿದುಕೊಳ್ಳಿ. ‘ಅವಸರ’ ಎಂದಿದ್ದರೆ ಗಡಿಬಿಡಿ ಅಲ್ಲ, ಅವಕಾಶ. ‘ಉಪನ್ಯಾಸ ಬರೆಯಿರಿ’ ಎಂದರೆ ಪ್ರಬಂಧ ಬರೆಯಬೇಕು. ‘ಅನುವಾದ ಕೇಳಿದನು’ ಎಂದರೆ ಅನುಮತಿ ಕೇಳಿದನು. ಜನವರಿಯಿಂದ ದಿನಾ ಸಂಜೆ, ಶನಿವಾರ ಬೆಳಗ್ಗೆ ಮಕ್ಕಳಿಂದ ಇದನ್ನು ಬಾಯಿಪಾಠ ಮಾಡಿಸಿದೆ. ಕನ್ನಡ ಟೀಚರ್ ಆದ ನಾನು, ಅಂಕಕ್ಕಾಗಿ, ಕನ್ನಡದ ಮಕ್ಕಳಿಗೆ ತಪ್ಪು ಕನ್ನಡ ಕಲಿಸಿದೆ. ಕವಿ ಕಯ್ಯಾರ ಕಿಞ್ಞಣ್ಣ ರೈಗಳು ಮಾಸ್ಟ್ರಾಗಿದ್ದ ಊರಿನಲ್ಲಿ ನಿಂತು ಈ ಕೆಲಸ ಮಾಡಿದೆನಲ್ಲ ಎಂಬ ಸಂಕಟ ಇನ್ನೂ ಹೋಗಿಲ್ಲ.

ಯಾಕೆ ಮಾಡಿದೆ ಎಂದರೆ ಹೆದರಿಕೆಯಿಂದ. ಜೂನ್‌ನಲ್ಲಿ ಶಾಲೆ ತೆರೆದ ಆರನೇ ಕೆಲಸದ ದಿನ ಮಕ್ಕಳ ತಲೆ ಎಣಿಸುತ್ತಾರೆ. ಎಷ್ಟು ಡಿವಿಷನ್, ಎಷ್ಟು ಟೀಚರ್ ಪೋಸ್ಟ್ ಎಂಬುದು ಆ ಎಣಿಕೆಯ ಮೇಲೆ ನಿಂತಿದೆ. ನಮ್ಮ ಕಡೆಯ ಹೆತ್ತವರು ಇಂಗ್ಲಿಷ್ ಮಾಧ್ಯಮದ ಬಸ್ ಕಡೆಗೂ ನೋಡುತ್ತಾರೆ, ಶಾಲೆಯ ಗೇಟಿನ ಫ್ಲೆಕ್ಸ್ ಕಡೆಗೂ ನೋಡುತ್ತಾರೆ. ‘ಸ್ಕಾಲರ್‌ಶಿಪ್ ವಿಜೇತರು’ ಎಂದು ನಾಲ್ಕು ಮಕ್ಕಳ ಫೋಟೋ ಇದ್ದರೆ ಮುಂದಿನ ವರ್ಷ ಒಂದನೇ ತರಗತಿಗೆ ಹತ್ತು ಮಕ್ಕಳು ಬಂದಾರು ಎಂಬ ಆಸೆ ನಮ್ಮದು. ಹಾಗಾಗಿ ಗೆಲ್ಲುವ ನಾಲ್ವರನ್ನು ಆರಿಸಿ ಅವರಿಗೇ ಕಲಿಸುತ್ತೇವೆ. ಉಳಿದ ಮಕ್ಕಳು ಹಿಂದಿನ ಬೆಂಚಿನಲ್ಲಿ ಕಾಪಿ ಬರೆಯುತ್ತಾ ಕೂರುತ್ತಾರೆ. ಲೈಬ್ರರಿ ಪೀರಿಯಡ್ ಹೋಯಿತು, ಮಕ್ಕಳನ್ನು ಗುಡ್ಡಕ್ಕೆ ಕರೆದುಕೊಂಡು ಹೋಗುವುದೂ ನಿಂತಿತು. ಫ್ಲೆಕ್ಸಿನಲ್ಲಿ ಇಲ್ಲದ ಮಗು ದಿನಾ ಆ ಫ್ಲೆಕ್ಸಿನ ಕೆಳಗಿಂದಲೇ ಶಾಲೆಗೆ ಬರಬೇಕು.

ನಾನು ಪರೀಕ್ಷೆಯೇ ಬೇಡ ಎನ್ನುವವಳಲ್ಲ. 2024-25ರಲ್ಲಿ ಎಂಟನೇ ತರಗತಿಗೆ, ಲಿಖಿತ ಪರೀಕ್ಷೆಯಲ್ಲಿ ಪ್ರತಿ ವಿಷಯಕ್ಕೂ ಕನಿಷ್ಠ ಶೇ. 30 ಅಂಕ ಬೇಕು ಎಂಬ ನಿಯಮ ಬಂತು. ವರ್ಷಕ್ಕೊಂದು ತರಗತಿಯಂತೆ ಎಸ್.ಎಸ್.ಎಲ್.ಸಿ.ಗೂ ಏರಬೇಕಾದ ನಿಯಮ ಅದು. ಕಡಿಮೆ ಬಂದವರಿಗೆ ವಿಶೇಷ ತರಗತಿ, ಮತ್ತೆ ಪರೀಕ್ಷೆ. ಓದಲು ಬಾರದ ಮಗುವನ್ನು ಸುಮ್ಮನೆ ಮೇಲೆ ದಾಟಿಸುವುದಕ್ಕಿಂತ ಇದು ಒಳ್ಳೆಯದೇ. ಆದರೆ ಕನ್ನಡ ಮಾಧ್ಯಮದ ಮಗುವಿಗೆ ಆ ವಿಶೇಷ ತರಗತಿ ನಡೆಸುವವರು ಯಾರು? ಕನ್ನಡ ಓದಲು ಬಾರದವರನ್ನು ನಮ್ಮ ಶಾಲೆಗಳಿಗೆ ನೇಮಿಸಿದಾಗ ಮಕ್ಕಳೂ ಹೆತ್ತವರೂ ಬೀದಿಗಿಳಿಯಬೇಕಾಗಿ ಬಂದದ್ದು ಈ ಜಿಲ್ಲೆಯವರಿಗೆ ಗೊತ್ತಿದೆ. ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯಲ್ಲಿ ಕಲಿಯಲು ಸೌಕರ್ಯ ಕೊಡಬೇಕು ಎಂದು ಸಂವಿಧಾನದ 350-ಎ ವಿಧಿ ಹೇಳುತ್ತದೆ. ಪಾಠ ಒಂದು ಕನ್ನಡದಲ್ಲಿ, ಪ್ರಶ್ನೆ ಇನ್ನೊಂದು ಕನ್ನಡದಲ್ಲಿ ಆದರೆ ಆ ಸೌಕರ್ಯ ಅರ್ಧಕ್ಕೇ ನಿಂತಿತು.

ದೊಡ್ಡದೇನೂ ಬೇಡ. ಕನ್ನಡ ಪ್ರಶ್ನೆಪತ್ರಿಕೆ ಅಚ್ಚಿಗೆ ಹೋಗುವ ಮೊದಲು, ಅದೇ ತರಗತಿಗೆ ಕನ್ನಡದಲ್ಲಿ ಪಾಠ ಮಾಡುವ ಇಬ್ಬರು ಅದನ್ನು ಮಲಯಾಳ ಪ್ರತಿ ನೋಡದೆ ಓದಲಿ. ಅವರಿಗೆ ಅರ್ಥವಾಗದ್ದು ಮಕ್ಕಳಿಗೂ ಅರ್ಥವಾಗದು. ಆಮೇಲೂ ತಪ್ಪು ಉಳಿದರೆ ಆ ಪ್ರಶ್ನೆಯ ಅಂಕವನ್ನು ಎಲ್ಲ ಕನ್ನಡ ಮಕ್ಕಳಿಗೂ ಕೊಡಿ. ಇನ್ನು ಫ್ಲೆಕ್ಸ್ ತೆಗೆಯುವುದಕ್ಕೆ ಯಾವ ಆದೇಶವೂ ಬೇಕಾಗಿಲ್ಲ, ಪಿ.ಟಿ.ಎ. ಸಭೆಯಲ್ಲಿ ಹೆತ್ತವರು ಒಮ್ಮೆ ಹೇಳಿದರೆ ಸಾಕು.

ಆ ಹುಡುಗ ಈಗ ಹೈಸ್ಕೂಲಿನಲ್ಲಿದ್ದಾನೆ. ಪದಗಳ ಪಟ್ಟಿಯ ನೋಟ್‌ಬುಕ್ ನನ್ನ ಬಳಿಯೇ ಇದೆ, ಒಟ್ಟು ಮೂವತ್ತೊಂದು ಪದಗಳು. ಪ್ರಶ್ನೆಪತ್ರಿಕೆ ತಯಾರಿಸುವವರಿಗೆ ಬೇಕಿದ್ದರೆ ಪ್ರತಿ ಮಾಡಿಸಿ ಕಳುಹಿಸಿಕೊಡುತ್ತೇನೆ.

— ನಿವೃತ್ತ ಅಧ್ಯಾಪಿಕೆ, ಬದಿಯಡ್ಕ